ಮರದಡಿಯ ಮಣ್ಣಿಗೆ ಒಂದೆಲಗದ ಹೊದಿಕೆ

ನಮ್ಮ ನಾಡಿನ ಶಾಲೆ, ಕಾಲೇಜು, ಆಸ್ಪತ್ರೆ, ಕಚೇರಿ, ಯಾವುದರ ಅಂಗಳಕ್ಕೆ ಹೋದರೂ ಅಲ್ಲಿ ಒಂದು ಹೊಂಗೆಯೋ ಮಾವೋ ನೇರಳೆಯೋ ನಿಂತಿರುವುದನ್ನು ಕಾಣಬಹುದು. ಬಿಸಿಲಿನಲ್ಲಿ ನಡೆದು ಬಂದವನು ಮೊದಲು ಅದರ ನೆರಳನ್ನು ಹುಡುಕುತ್ತಾನೆ. ಮರ ನೆಡುವ ಉತ್ಸವಗಳನ್ನು ನಾವು ಪ್ರತಿವರ್ಷ ನಡೆಸುತ್ತೇವೆ. ಮರದ ಉಪಕಾರವನ್ನು ಕುರಿತು ಪ್ರಬಂಧಗಳನ್ನು ಬರೆಯುತ್ತೇವೆ. ಆದರೆ ಆ ನೆರಳು ಬೀಳುವ ನೆಲದ ಗತಿ ಏನಾಗಿದೆ ಎಂದು ಬಗ್ಗಿ ನೋಡುವವರು ವಿರಳ.

ನಾವು ಬಲ್ಲ ಒಂದು ಪ್ರೌಢಶಾಲೆಯ ಅಂಗಳದಲ್ಲಿ ವಿಶಾಲವಾದ ಹೊಂಗೆಯ ಮರವೊಂದಿತ್ತು. ಅದರಡಿಯ ನೆಲವನ್ನು ದಿನವೂ ಗುಡಿಸಿ, ತರಗೆಲೆಗಳನ್ನು ಒಂದೆಡೆ ರಾಶಿ ಹಾಕಿ ಸುಡುವುದು ಅಲ್ಲಿಯ ವಾಡಿಕೆ. ಮಳೆ ಬಂದಾಗ ಅಲ್ಲಿಂದ ಕೆಂಪು ನೀರು ಹರಿಯುತ್ತಿತ್ತು. ಬರಬರುತ್ತ ಬೇರುಗಳು ನೆಲದ ಮೇಲೆ ಎದ್ದು ಕಂಡವು. ಮಕ್ಕಳು ಎಡವಿ ಬೀಳುವರೆಂದು ಶಾಲೆಯವರು ಮರದ ಬುಡದವರೆಗೂ ಸಿಮೆಂಟು ಹಾಕಿಸಿದರು. ನೆಲ ಚೊಕ್ಕಟವಾಯಿತು. ಆದರೆ ನೀರು ಒಳಕ್ಕೆ ಇಳಿಯುವ ದಾರಿ ಮುಚ್ಚಿತು. ಕೆಲವು ವರ್ಷಗಳಲ್ಲಿ ಮರದ ತುದಿಗೊಂಬೆಗಳು ಒಣಗತೊಡಗಿದವು. ಇದಕ್ಕೆ ಸಿಮೆಂಟೊಂದೇ ಕಾರಣವೆಂದು ನಾವು ಸಾಧಿಸಲಾರೆವು. ಆದರೆ ಬೇರು ಉಸಿರಾಡುತ್ತದೆ, ಅದಕ್ಕೆ ನೀರಿನಂತೆಯೇ ಗಾಳಿಯೂ ಬೇಕು ಎಂಬುದು ಅದೇ ಶಾಲೆಯ ಪಾಠಪುಸ್ತಕದಲ್ಲಿಯೇ ಇತ್ತು. ಕೊಠಡಿಯ ಒಳಗೆ ಕಲಿಸಿದ್ದನ್ನು ಅಂಗಳದಲ್ಲಿ ಮರೆತದ್ದು ಅಲ್ಲಿಯ ಲೋಪ. ಈ ಲೋಪ ಆ ಶಾಲೆಯೊಂದರದೇ ಅಲ್ಲ. ದೆಹಲಿಯ ಮರಗಳ ಬುಡದಿಂದ ಒಂದು ಮೀಟರಿನೊಳಗೆ ಹಾಸಿದ್ದ ಕಾಂಕ್ರೀಟನ್ನು ತೆಗೆದುಹಾಕಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಆಜ್ಞೆ ಮಾಡಬೇಕಾಯಿತು.

ಮರದಡಿಯ ನೆಲ ಬರಿದಾಗಿಯೂ ಇರಬಾರದು, ಕಲ್ಲಾಗಿಯೂ ಇರಬಾರದು. ಅದಕ್ಕೆ ಜೀವಂತವಾದ ಒಂದು ಹೊದಿಕೆ ಬೇಕು ಎಂಬುದು ನಮ್ಮ ಅಭಿಪ್ರಾಯ. ಆ ಹೊದಿಕೆಗಾಗಿ ದೂರ ಹುಡುಕಬೇಕಾಗಿಲ್ಲ. ಮಲೆನಾಡಿನ ಅಡಕೆ ತೋಟಗಳಲ್ಲಿ, ಕರಾವಳಿಯ ಬಾವಿಕಟ್ಟೆಗಳ ಸುತ್ತ, ಗದ್ದೆಯ ಬದುಗಳ ಮೇಲೆ ಯಾರ ಆರೈಕೆಯನ್ನೂ ಕೇಳದೆ ಹಬ್ಬಿಕೊಂಡಿರುವ ಒಂದೆಲಗ ಆ ಕೆಲಸಕ್ಕೆ ಹೇಳಿ ಮಾಡಿಸಿದ ಗಿಡ.

ಮರವೇ ಮಣ್ಣನ್ನು ಕಾಯುವುದಿಲ್ಲವೆ, ಅದರಡಿಯಲ್ಲಿ ಮತ್ತೊಂದು ಗಿಡವೇಕೆ ಎಂದು ವಾಚಕರು ಕೇಳಬಹುದು. ಮರದ ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂಬುದು ನಿಜ. ಆದರೆ ಎತ್ತರದ ಮರದ ಕೆಳಗೆ ಬರಿ ನೆಲವಿದ್ದರೆ ಅಲ್ಲಿ ಮಳೆಹನಿಯ ಪೆಟ್ಟು ಕೆಲವು ವೇಳೆ ಬಯಲಿಗಿಂತ ಹೆಚ್ಚಾಗಿರುತ್ತದೆ. ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಆಕಾಶದಿಂದ ಬೀಳುವ ಹನಿಗಳಲ್ಲಿ ಸಣ್ಣವೂ ಇರುತ್ತವೆ, ದೊಡ್ಡವೂ ಇರುತ್ತವೆ. ಎಲೆಯ ಮೇಲೆ ಬಿದ್ದ ಸಣ್ಣ ಹನಿಗಳು ಒಂದರೊಡನೊಂದು ಕೂಡಿ, ಎಲೆಯ ತುದಿಗೆ ಜಾರಿ, ದಪ್ಪ ಹನಿಗಳಾಗಿ ಉದುರುತ್ತವೆ. ಐದು ಮಿಲಿಮೀಟರು ವ್ಯಾಸದ ಇಂಥ ಹನಿ ಎಂಟು ಮೀಟರು ಎತ್ತರದಿಂದ ಬಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 8 ಮೀಟರು. ಮುಗಿಲಿನಿಂದ ಬಿದ್ದ ಅಷ್ಟೇ ದೊಡ್ಡ ಹನಿಯ ವೇಗವಾದರೂ 9 ಮೀಟರನ್ನು ಹೆಚ್ಚಾಗಿ ಮೀರುವುದಿಲ್ಲ. ಹನಿಯ ಚಲನಶಕ್ತಿ ಅದರ ತೂಕವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ವೇಗ ಹೆಚ್ಚು ಕುಗ್ಗದೆ ತೂಕ ಮಾತ್ರ ಹೆಚ್ಚಿದರೆ ಪೆಟ್ಟು ಜೋರಾಗುವುದು ಸಹಜ. ಅಗಲವಾದ ಎಲೆಗಳ ತೇಗದ ತೋಪುಗಳಲ್ಲಿ ನೆಲ ಬರಿದಾಗಿದ್ದರೆ ಮಣ್ಣು ಕೊಚ್ಚಿಹೋಗುವುದಕ್ಕೆ ಇದೊಂದು ಮುಖ್ಯ ಕಾರಣ.

ಕಾಡಿನಲ್ಲಿ ಈ ಅನಾಹುತ ಆಗುವುದಿಲ್ಲ. ಅಲ್ಲಿ ತರಗೆಲೆಯ ಹಾಸಿಗೆ ಇರುತ್ತದೆ. ಅದರ ನಡುವೆ ನೆರಳನ್ನು ಸಹಿಸುವ ಕಿರುಗಿಡಗಳಿರುತ್ತವೆ. ಮರದಿಂದ ಉದುರಿದ ಹನಿಯ ಪೆಟ್ಟನ್ನು ಅವು ತಮ್ಮ ಮೈಮೇಲೆ ತೆಗೆದುಕೊಂಡು ನೀರನ್ನು ಮೆಲ್ಲನೆ ಮಣ್ಣಿಗೆ ಇಳಿಸುತ್ತವೆ. ನಾವು ಅಂಗಳದಲ್ಲಿ ಮರವನ್ನು ಮಾತ್ರ ಇಟ್ಟುಕೊಂಡು ಈ ಕೆಳಗಿನ ಅಂತಸ್ತನ್ನು ಗುಡಿಸಿ ಹಾಕಿದ್ದೇವೆ. ಒಂದೆಲಗವನ್ನು ಹಬ್ಬಿಸುವುದೆಂದರೆ ಕಳೆದುಕೊಂಡ ಆ ಅಂತಸ್ತನ್ನು ಮರಳಿ ಕಟ್ಟುವುದೆಂದೇ ಅರ್ಥ.

ಈ ಗಿಡದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ನೆಲದ ಮೇಲೆ ಹರಿಯುವ ತೆಳ್ಳನೆಯ ಹಂಬು. ಹಂಬಿನ ಪ್ರತಿಯೊಂದು ಗಿಣ್ಣಿನಲ್ಲಿಯೂ ಕೆಳಕ್ಕೆ ಬೇರು, ಮೇಲಕ್ಕೆ ಎಲೆ. ಒಂದೊಂದು ತೊಟ್ಟಿನ ಮೇಲೆ ಒಂದೊಂದೇ ದುಂಡನೆಯ ಎಲೆ ನಿಲ್ಲುವುದರಿಂದ ಅದಕ್ಕೆ ಒಂದೆಲಗವೆಂಬ ಹೆಸರು ಒಪ್ಪುತ್ತದೆ. ಎಲೆಯ ಆಕಾರ ಮೂತ್ರಪಿಂಡದಂತೆ, ಅಂಚು ಕಚ್ಚುಕಚ್ಚಾಗಿರುತ್ತದೆ. ಮಲೆನಾಡಿನ ಕೆಲವೆಡೆ ಇದನ್ನು ಉರಗೆ ಎನ್ನುತ್ತಾರೆ, ತುಳುವಿನಲ್ಲಿ ಇದು ತಿಮರೆ, ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಮಂಡೂಕಪರ್ಣಿ, ತಮಿಳರಿಗೆ ವಲ್ಲಾರೈ, ಸಿಂಹಳೀಯರಿಗೆ ಗೊಟುಕೊಳ. 1753ರಲ್ಲಿ ಲಿನೀಯಸ್ ಇದನ್ನು ಹೈಡ್ರೊಕಾಟೈಲ್ ಏಸಿಯಾಟಿಕ ಎಂದು ಹೆಸರಿಸಿದನು. 1879ರಲ್ಲಿ ಅರ್ಬನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಬೇರೊಂದು ಜಾತಿಗೆ ಸೇರಿಸಿದಂದಿನಿಂದ ಇದು ಸೆಂಟೆಲ ಏಸಿಯಾಟಿಕ ಎನಿಸಿಕೊಂಡಿದೆ. ಕೊತ್ತಂಬರಿ, ಜೀರಿಗೆ, ಗಜ್ಜರಿ ಇವು ಇದರ ಕುಟುಂಬದವೇ. ನೆಲಕ್ಕೆ ಅಂಟಿದಂತೆ ಬಿಡುವ ಕಿರಿದಾದ ನಸುಗೆಂಪು ಹೂಗಳನ್ನೂ ಎರಡು ಹೋಳಾಗುವ ಚಪ್ಪಟೆ ಕಾಯಿಗಳನ್ನೂ ಮಸೂರದಿಂದ ನೋಡಿದರೆ ಈ ಬಾಂಧವ್ಯ ತಿಳಿಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. ನಮ್ಮಲ್ಲಿ ಒಂದೆಲಗವನ್ನು ಬ್ರಾಹ್ಮಿ ಎಂದು ಕರೆಯುವ ರೂಢಿಯಿದೆ. ಬಕೋಪ ಮೊನ್ನಿಯೆರಿ ಎಂಬ ಮತ್ತೊಂದು ಗಿಡಕ್ಕೂ ಅದೇ ಹೆಸರುಂಟು. ಅದನ್ನು ನೀರುಬ್ರಾಹ್ಮಿ ಎಂದರೆ ಗುರುತು ಸುಲಭ. ಅದರ ಎಲೆಗಳು ಸಣ್ಣವು, ರಸಭರಿತವಾದವು, ಕಾಂಡದ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಇರುವಂಥವು. ಅದು ಕೆಸರಿನ ಗಿಡ, ಬೇರೆಯೇ ಕುಟುಂಬದ್ದು. ಹೆಸರೊಂದೇ ಆದ ಮಾತ್ರಕ್ಕೆ ಗಿಡ ಒಂದೇ ಆಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು.

ನೆರಳಿನಲ್ಲಿ ಬದುಕುವುದು ಎಲ್ಲ ಗಿಡಗಳಿಗೂ ಸಾಧ್ಯವಾದ ವಿದ್ಯೆಯಲ್ಲ. ಮರದ ಮೇಲಣ ಎಲೆಗಳು ಬಿಸಿಲಿನ ಕೆಂಪು ಮತ್ತು ನೀಲಿ ಕಿರಣಗಳನ್ನು ತಾವು ಹೀರಿಕೊಂಡು, ಹಸುರನ್ನೂ ಕಣ್ಣಿಗೆ ಕಾಣಿಸದಷ್ಟು ಕಡುವಾದ ದೂರಗೆಂಪನ್ನೂ ಕೆಳಕ್ಕೆ ಬಿಡುತ್ತವೆ. ಆದಕಾರಣ ಕೆಳಗಿನ ಗಿಡಕ್ಕೆ ದೊರೆಯುವ ಬೆಳಕು ಪ್ರಮಾಣದಲ್ಲಿಯೂ ಕಡಿಮೆ, ಗುಣದಲ್ಲಿಯೂ ಬಡವು. ಆಹಾರ ತಯಾರಿಕೆಗೆ ಬೇಕಾದ ಭಾಗವನ್ನು ಮೇಲಿನವರು ಉಂಡು ಮುಗಿಸಿರುತ್ತಾರೆ. ಕೆಂಪು ಮತ್ತು ದೂರಗೆಂಪುಗಳ ಪ್ರಮಾಣವನ್ನು ಅಳೆಯುವುದಕ್ಕೆ ಗಿಡದ ಒಳಗೆ ಫೈಟೊಕ್ರೋಮ್ ಎಂಬ ವರ್ಣದ್ರವ್ಯವಿದೆ. ಇದನ್ನು 1959ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪತ್ತೆ ಹಚ್ಚಿದರು. ತಾನು ಇತರರ ನೆರಳಿನಲ್ಲಿರುವೆನೆಂಬ ಸುದ್ದಿ ಗಿಡಕ್ಕೆ ಮುಟ್ಟುವುದು ಇದರ ಮೂಲಕ. ಒಂದೆಲಗ ಆಗ ಮಾಡುವುದೇನು? ಎಲೆಯ ತೊಟ್ಟನ್ನು ಉದ್ದ ಮಾಡುತ್ತದೆ, ಎಲೆಯನ್ನು ಅಗಲಿಸಿ ತೆಳ್ಳಗಾಗಿಸುತ್ತದೆ. ಬಟ್ಟಬಯಲಿನ ಬಿಸಿಲಲ್ಲಿ ಅದರ ಎಲೆ ಕಿರಿದು, ತೊಟ್ಟು ಗಿಡ್ಡ, ಬಣ್ಣ ಕೆಂಪುಮಿಶ್ರಿತ. ಅದೇ ಗಿಡ ಅಡಕೆ ಮರಗಳ ಚದುರಿದ ನೆರಳಿನಲ್ಲಿ ಗೇಣುದ್ದದ ತೊಟ್ಟನ್ನೆತ್ತಿ ಹಚ್ಚಗೆ ನಿಲ್ಲುತ್ತದೆ.

ನಮ್ಮ ನಗರಗಳ ತೋಟಗಾರಿಕೆ ಹಿಡಿದಿರುವ ದಾರಿ ಬೇರೆ. ಮರದಡಿಯಲ್ಲಿಯೂ ಹುಲ್ಲುಹಾಸು ಬೇಕೆಂಬುದು ಒಂದು ಹಟ. ಹುಲ್ಲುಹಾಸಿಗೆ ಸಾಮಾನ್ಯವಾಗಿ ಬಳಸುವ ಗರಿಕೆಯ ಜಾತಿ ಬಿಸಿಲಿನ ಹುಲ್ಲು. ಗಾಢವಾದ ನೆರಳಿನಲ್ಲಿ ಅದು ಸೊರಗಿ ಸಾಯುತ್ತದೆ. ಸತ್ತದ್ದನ್ನು ಕಿತ್ತು ಹೊಸದನ್ನು ಹಾಸುವುದು, ಅದೂ ಸತ್ತರೆ ಮತ್ತೆ ಹಾಸುವುದು ವರ್ಷ ವರ್ಷದ ವೆಚ್ಚ. ಇನ್ನೊಂದು ದಾರಿ ಸಿಂಗಪುರ ಡೈಸಿ ಎಂಬ ಹಳದಿ ಹೂವಿನ ಬಳ್ಳಿಯನ್ನು ಹಬ್ಬಿಸುವುದು. ನೋಡುವುದಕ್ಕೆ ಅದು ಚೆಂದ, ಬೆಳೆಯುವುದಕ್ಕೆ ಸುಲಭ. ಆದರೆ ಅಮೆರಿಕದ ಉಷ್ಣವಲಯದಿಂದ ಬಂದ ಈ ಬಳ್ಳಿ ಜಗತ್ತಿನ ಅತ್ಯಂತ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಲಂಟಾನವನ್ನು ಹೂವಿನ ಚೆಲುವಿಗೆಂದು ತಂದವರ ಕೈಯಿಂದ ಅದು ಕಾಡಿಗೆ ನುಗ್ಗಿದ ಕಥೆಯನ್ನು ಓದಿಯೂ ನಾವು ಅದೇ ತಪ್ಪನ್ನು ಮಾಡುವುದು ವಿವೇಕವಲ್ಲ.

ಒಂದೆಲಗವನ್ನು ಬೆಳೆಸುವ ಕ್ರಮ ಸರಳವಾದದ್ದು. ಬೀಜದಿಂದ ಬೆಳೆಸುವುದು ನಿಧಾನ. ಮೊಳಕೆ ಸರಿಯಾಗಿ ಬರುವ ಭರವಸೆಯೂ ಇಲ್ಲ. ಬೇರು ಬಿಟ್ಟ ಎರಡು ಮೂರು ಗಿಣ್ಣುಗಳಿರುವ ಹಂಬಿನ ತುಂಡುಗಳನ್ನು ಪರಿಚಿತರ ತೋಟದಿಂದ ತರುವುದು ಒಳ್ಳೆಯದು. ಮುಂಗಾರು ಹಿಡಿದ ಬಳಿಕ, ಜೂನ್ ಜುಲೈ ತಿಂಗಳುಗಳಲ್ಲಿ ನೆಟ್ಟರೆ ನೀರಿನ ಕೆಲಸ ಮಳೆಯೇ ಮಾಡುತ್ತದೆ. ಮರದಡಿಯ ಮಣ್ಣನ್ನು ಗುದ್ದಲಿಯಿಂದ ಆಳವಾಗಿ ಅಗೆಯಕೂಡದು. ಮರದ ನೀರುಣ್ಣುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲುಮಣ್ಣಿನಲ್ಲಿಯೇ ಇರುವುದರಿಂದ ಅಗೆತದಿಂದ ಮರಕ್ಕೆ ಗಾಯವಾಗುತ್ತದೆ. ಕೈಗುದ್ದಲಿಯಿಂದ ಎರಡು ಮೂರು ಅಂಗುಲ ಕೆದಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಎಲೆಗೊಬ್ಬರವನ್ನೂ ಬೆರೆಸಿ, ಗೇಣಿಗೊಂದರಂತೆ ತುಂಡುಗಳನ್ನು ನೆಡಬೇಕು. ಗಿಣ್ಣು ಮಣ್ಣಿಗೆ ತಾಗಿರಬೇಕು. ಎಲೆಯ ಬುಡದ ಮೊಗ್ಗು ಹೂತುಹೋಗಬಾರದು. ಕಾಂಡಕ್ಕೆ ಅಂಟಿಕೊಂಡಂತೆ ಮಣ್ಣು ಏರಿಸುವುದು ಮರಕ್ಕೆ ಒಳ್ಳೆಯದಲ್ಲ. ಬುಡದ ಸುತ್ತ ಒಂದು ಗೇಣು ಬಿಡುವುದು ಲೇಸು.

ಮೊದಲ ಎರಡು ಮೂರು ತಿಂಗಳು ಕಳೆಯನ್ನು ಕೈಯಿಂದ ಕೀಳುತ್ತಿರಬೇಕು. ಹಂಬುಗಳು ಒಂದನ್ನೊಂದು ಮುಟ್ಟಿದ ಮೇಲೆ ಕಳೆಗೆ ಎಡೆ ಸಿಕ್ಕುವುದು ಕಡಿಮೆ. ಮಳೆಗಾಲದ ರಾತ್ರಿಗಳಲ್ಲಿ ಬಸವನಹುಳುಗಳು ಎಲೆಯನ್ನು ಮೇಯುತ್ತವೆ; ದೀಪ ಹಿಡಿದು ಆರಿಸಿ ತೆಗೆಯುವುದೇ ಅದಕ್ಕೆ ಉಪಾಯ. ತಿನ್ನುವ ಸೊಪ್ಪಿನ ಮೇಲೆ ವಿಷ ಸಿಂಪಡಿಸುವ ಯೋಚನೆ ಬೇಡ. ಬೇಸಗೆಯಲ್ಲಿ ಮಣ್ಣಿನ ಮೇಲುಪದರ ಒಣಗದಂತೆ ನೀರು ಕೊಡಬೇಕು. ಎಲೆ ಜೋಲುಬೀಳುವುದೇ ಬಾಯಾರಿಕೆಯ ಗುರುತು. ಕೈಕಾಲು ತೊಳೆದ ಸಾಬೂನಿಲ್ಲದ ನೀರನ್ನು ಅತ್ತ ತಿರುಗಿಸಿದರೆ ಎಷ್ಟೋ ಸಾಕು. ಮರದಿಂದ ಉದುರಿದ ಎಲೆ ತೆಳ್ಳಗೆ ಬಿದ್ದಿದ್ದರೆ ಹಾಗೆಯೇ ಬಿಡಬೇಕು, ಅದೇ ಗೊಬ್ಬರ. ದಪ್ಪವಾಗಿ ಮುಚ್ಚಿದರೆ ಮಾತ್ರ ಕೈಯಿಂದ ಸರಿಸಬೇಕು. ಸೊಪ್ಪು ಬೇಕಾದಾಗ ಹೊರಗಿನ ಬಲಿತ ಎಲೆಗಳನ್ನು ತೊಟ್ಟಿನೊಡನೆ ಚಿವುಟಿಕೊಳ್ಳಬೇಕಲ್ಲದೆ ಬುಡಸಹಿತ ಕೀಳಕೂಡದು.

ಒಂದೆಲಗದ ಹೆಸರೆತ್ತಿದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ನೆನಪಿನ ಶಕ್ತಿಯೇ! ಪರೀಕ್ಷೆ ಹತ್ತಿರವಾದಾಗ ಬೆಳಗ್ಗೆ ಎದ್ದು ನಾಲ್ಕೆಲೆ ಅಗಿದರೆ ಓದಿದ್ದು ಮರೆಯುವುದಿಲ್ಲವೆಂದು ಅಜ್ಜಿಯಂದಿರು ಹೇಳುತ್ತಾರೆ. ಅದನ್ನೇ ಅಂಗಡಿಯವರು ಮಾತ್ರೆ ಮಾಡಿ ಮಾರುತ್ತಾರೆ. ವಿಜ್ಞಾನದ ಉತ್ತರ ಇಷ್ಟು ಧಾರಾಳವಾಗಿಲ್ಲ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಒಂದೆಲಗವನ್ನು ಸೇವಿಸಿದವರಿಗೂ ಹುಸಿಮದ್ದನ್ನು ಸೇವಿಸಿದವರಿಗೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಲವಲವಿಕೆ ಸ್ವಲ್ಪ ಹೆಚ್ಚಿದ ಸೂಚನೆ ಮಾತ್ರ ಇತ್ತು. ಇದರ ಸಾರವನ್ನು ಹೆಚ್ಚಿನ ಪ್ರಮಾಣದಲ್ಲಿ ಔಷಧವಾಗಿ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳೂ ಉಂಟು. ಆದಕಾರಣ ಒಂದೆಲಗದ ತಂಬುಳಿಯನ್ನು ತಂಬುಳಿಯೆಂದೇ ಉಣ್ಣೋಣ. ತೆಂಗಿನಕಾಯಿ, ಜೀರಿಗೆ, ಮೆಣಸುಗಳೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದ ಆ ಹಸುರು ತಂಪಿಗೆ ರುಚಿಯೇ ಸಾಕಷ್ಟು ಸಮರ್ಥನೆ. ಪಾಠದ ನೆನಪಿಗೆ ಪಾಠವನ್ನು ಓದುವುದೇ ಮದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಸಲಹೆ ಅಪೂರ್ಣವಾದೀತು. ಒಂದೆಲಗ ನಿಂತ ಮಣ್ಣಿನಲ್ಲಿ ಸೀಸ, ಸತು, ತಾಮ್ರದಂಥ ಲೋಹಗಳಿದ್ದರೆ ಅವನ್ನೂ ಅದು ಹೀರಿಕೊಳ್ಳುತ್ತದೆ. ಮಣ್ಣಿನ ಲೋಹಮಾಲಿನ್ಯವನ್ನು ತಿಳಿಯುವುದಕ್ಕೆ ಈ ಗಿಡವನ್ನೇ ಬಳಸಬಹುದೇ ಎಂದು ಮಲೇಷಿಯದಲ್ಲಿ ಅಧ್ಯಯನಗಳು ನಡೆದಿವೆ. ಮೋರಿಯ ಬದಿಯಲ್ಲಿ, ವಾಹನ ದಟ್ಟಣೆಯ ರಸ್ತೆಯಂಚಿನಲ್ಲಿ, ಕಾರ್ಖಾನೆಯ ನೀರು ಹರಿಯುವೆಡೆಯಲ್ಲಿ ಬೆಳೆದ ಒಂದೆಲಗ ನೆಲಕ್ಕೆ ಹೊದಿಕೆಯಾಗಬಹುದು, ಊಟಕ್ಕೆ ಒದಗಬಾರದು. ತಂಬುಳಿ ಮಾಡುವಾಗ ಸೊಪ್ಪನ್ನು ಹೆಚ್ಚಾಗಿ ಹಸಿಯಾಗಿಯೇ ಬಳಸುವುದರಿಂದ ಶುದ್ಧ ನೆಲದ ಎಲೆಯನ್ನೂ ನಾಲ್ಕಾರು ಸಲ ತೊಳೆಯಬೇಕು.

ನಮ್ಮ ಸಲಹೆಗೆ ಆಕ್ಷೇಪಗಳು ಬರುವುದು ಸಹಜ. ಗಿಡವಿದ್ದಲ್ಲಿ ಹಾವು ಸೇರುವುದೆಂಬುದು ಒಂದು. ಗೇಣೆತ್ತರವನ್ನು ಮೀರದ ಈ ಹಾಸಿನಲ್ಲಿ ಹಾವಿಗೆ ಅಡಗಲು ಸಿಕ್ಕುವ ಮರೆ, ಅಂಗಳದ ಮೂಲೆಯಲ್ಲಿ ರಾಶಿ ಬಿದ್ದ ಕಲ್ಲು, ಹೆಂಚು, ಸೌದೆಗಳಲ್ಲಿ ಸಿಕ್ಕುವ ಮರೆಗಿಂತ ಬಹಳ ಕಡಿಮೆ. ಆದರೂ ಕೈ ಹಾಕುವ ಮುನ್ನ ನೋಡುವುದು ಒಳ್ಳೆಯ ಅಭ್ಯಾಸ. ಮಕ್ಕಳು ತುಳಿಯುತ್ತಾರೆಂಬುದು ಎರಡನೆಯದು. ಇದು ನಿಜವಾದ ತೊಡಕು. ಒಂದೆಲಗ ತುಳಿತವನ್ನು ತಾಳದು. ಆಟದ ಮೈದಾನಕ್ಕೆ ಇದು ಸಲ್ಲದು. ಮರದಡಿಯಲ್ಲಿ ಓಡಾಡುವ ದಾರಿಗೆ ಬಿಡಿಬಿಡಿಯಾದ ಚಪ್ಪಡಿಗಳನ್ನು ಇಟ್ಟು ಉಳಿದ ನೆಲವನ್ನು ಗಿಡಕ್ಕೆ ಬಿಡಬಹುದು. ನೀರಿಲ್ಲದ ಊರಿನಲ್ಲಿ ಇದನ್ನು ಹೇಗೆ ಬೆಳೆಸುವುದೆಂಬುದು ಮೂರನೆಯ ಪ್ರಶ್ನೆ. ಬೆಳೆಸಬೇಕಾಗಿಲ್ಲ ಎಂಬುದೇ ನಮ್ಮ ಉತ್ತರ. ಬಯಲುಸೀಮೆಯ ಒಣಪ್ರದೇಶಗಳಲ್ಲಿ ಕುಡಿಯುವ ನೀರನ್ನು ಸುರಿದು ಒಂದೆಲಗವನ್ನು ಉಳಿಸುವುದು ಹುಲ್ಲುಹಾಸಿನ ಹಟಕ್ಕಿಂತ ಬೇರೆಯಾದದ್ದಲ್ಲ. ಅಲ್ಲಿ ತರಗೆಲೆಯನ್ನು ಸುಡದೆ ಮರದಡಿಯಲ್ಲಿಯೇ ಹಾಸಿದರೆ ಮಣ್ಣಿಗೆ ಅದೇ ಹೊದಿಕೆ. ಊರಿಗೆ ತಕ್ಕ ಹೊದಿಕೆ ಇರಲಿ, ನೆಲ ಬರಿದಾಗದಿರಲಿ ಎಂಬುದು ನಮ್ಮ ವಾದದ ತಿರುಳು.

ಈ ವಾದವನ್ನು ನಮ್ಮ ಮಾತಿನ ಮೇಲೆ ನಂಬಬೇಕೆಂದು ನಾವು ಕೇಳುವುದಿಲ್ಲ. ಶಾಲೆಯ ಮರದಡಿಯಲ್ಲಿ ಒಂದೊಂದು ಮೀಟರು ಚದರದ ಎರಡು ಪಾತಿಗಳನ್ನು ಗುರುತು ಮಾಡಿರಿ. ಒಂದನ್ನು ಬರಿದಾಗಿ ಬಿಡಿರಿ, ಇನ್ನೊಂದರಲ್ಲಿ ಒಂದೆಲಗವನ್ನು ಹಬ್ಬಿಸಿರಿ. ಎರಡರ ನಡುವೆಯೂ ಒಂದೊಂದು ಬಿಳಿಯ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಜೋರಾದ ಮಳೆ ಬಂದು ನಿಂತ ಮೇಲೆ ಕೆಸರಿನ ಸಿಡಿತ ಎಷ್ಟೆತ್ತರ ಹಾರಿದೆಯೆಂದು ಅಳೆದು ನೋಡಿರಿ. ಬೇಸಗೆಯ ಮಧ್ಯಾಹ್ನ ಎರಡು ಗಂಟೆಗೆ ಎರಡೂ ಪಾತಿಗಳ ಮಣ್ಣಿನ ಉಷ್ಣತೆಯನ್ನು ಉಷ್ಣಮಾಪಕದಿಂದ ನೋಡಿ ಬರೆದಿಡಿರಿ. ಬಿಸಿಲಲ್ಲಿ ಬೆಳೆದ ಇಪ್ಪತ್ತು ಎಲೆಗಳ ತೊಟ್ಟನ್ನೂ ನೆರಳಲ್ಲಿ ಬೆಳೆದ ಇಪ್ಪತ್ತು ಎಲೆಗಳ ತೊಟ್ಟನ್ನೂ ಅಳೆದು ಸರಾಸರಿ ತೆಗೆಯಿರಿ. ಒಂದು ವರ್ಷದ ಇಂಥ ಟಿಪ್ಪಣಿ ಹತ್ತು ಉಪನ್ಯಾಸಗಳಿಗೆ ಸಮ. ಅದನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಬಳಿಗೆ ಹೋದರೆ, ಸಿಮೆಂಟು ಹಾಕಿಸಬೇಡಿರೆಂದು ಕೇಳುವ ನಿಮ್ಮ ಮಾತಿಗೆ ಅಂಕೆಗಳ ಬಲ ಬಂದಿರುತ್ತದೆ.

ಮರ ನೆಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದುಂಟು; ಮರದಡಿಯ ಮಣ್ಣನ್ನು ಕಾದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ನೆಟ್ಟ ಮರ ನೂರು ವರ್ಷ ನಿಲ್ಲಬೇಕಾದರೆ ಅದು ನಿಲ್ಲುವುದು ಆ ಮಣ್ಣಿನ ಮೇಲೆಯೇ. ಮುಂದಿನ ಮುಂಗಾರಿಗೆ ನಮ್ಮ ವಿದ್ಯಾರ್ಥಿ ವಾಚಕರಲ್ಲಿ ಕೆಲವರಾದರೂ ಒಂದು ಹಿಡಿ ಒಂದೆಲಗದ ಹಂಬನ್ನು ತಂದು ತಮ್ಮ ಶಾಲೆಯ ಮರದಡಿಯಲ್ಲಿ ಊರುವರೆಂದು ನಂಬಿದ್ದೇವೆ.